ಗುಜರಿಗೂ ಮ್ಯೂಸಿಯಂಗೂ ನಡುವೆ ನಿಂತ ಅಂಬಾಸಿಡರ್

ಹಳೇ ಕಾರಿನ ಮಾತು ತೆಗೆದರೆ ನಮ್ಮ ಮಂಡ್ಯ ಕಡೆ ಅರಳಿಕಟ್ಟೆ ಮೇಲೆ ಕೂತವರೆಲ್ಲ ಒಂದಾಗಿಬಿಡುತ್ತಾರೆ. ಪಕ್ಷ ಬೇರೆ ಇರಬಹುದು, ಕಾವೇರಿ ನೀರಿನ ಲೆಕ್ಕದಲ್ಲಿ ಜಗಳ ಇರಬಹುದು. ಆದರೆ ಅಂಬಾಸಿಡರ್ ಗತ್ತೇ ಬೇರೆ ಅನ್ನುವ ಮಾತಿಗೆ ಎಲ್ಲರೂ ತಲೆದೂಗುತ್ತಾರೆ. ಗುಂಡಗಿನ ಹೆಡ್‌ಲೈಟು, ಉಬ್ಬಿದ ಬಾನೆಟ್ಟು, ಫಳಫಳ ಹೊಳೆಯುವ ಬಂಪರ್, ಧಡ್ ಅಂತ ಮುಚ್ಚಿಕೊಳ್ಳುವ ಬಾಗಿಲು. ಈಗಿನ ಕಾರುಗಳೋ, ಹೆಸರು ಮುಚ್ಚಿದರೆ ಯಾವ ಕಂಪನಿಯದು ಅಂತಲೇ ಗೊತ್ತಾಗುವುದಿಲ್ಲ ಎಂಬ ದೂರು.

ಇದು ಬರೀ ವಯಸ್ಸಾದವರ ಹಳಹಳಿಕೆ ಅಲ್ಲ. ಮಾರುತಿ 800 ಕೂಡ ಓಡಿಸದ ಹುಡುಗರು ಈಗ ಮದುವೆ ಫೋಟೋ ತೆಗೆಸಲು ಪದ್ಮಿನಿ ಕಾರು ಹುಡುಕುತ್ತಾರೆ. ರೀಲ್ಸ್‌ನಲ್ಲಿ ಅಂಬಾಸಿಡರ್ ಬಂದರೆ ಲೈಕಿಗೆ ಬರ ಇಲ್ಲ.

ಹಾಗಾದರೆ ನಾವು ಕಳೆದುಕೊಂಡಿದ್ದು ಏನನ್ನು? ಒಂದು ಚಂದದ ಆಕಾರವನ್ನಾ? ಅಥವಾ ಆ ಆಕಾರದ ಹಿಂದೆ ಇದ್ದ ಬೇರೆ ಏನನ್ನೋ? ಇದನ್ನು ಈಗಲೇ ಕೇಳಿಕೊಳ್ಳಬೇಕು. ಯಾಕೆಂದರೆ ನಮ್ಮ ಹಳ್ಳಿಗಳ ಕೊಟ್ಟಿಗೆಯಲ್ಲಿ, ಹುಣಸೆಮರದ ಕೆಳಗೆ ನಿಂತಿರುವ ಕೊನೆಯ ಅಂಬಾಸಿಡರ್‌ಗಳು ಒಂದೊಂದಾಗಿ ಗುಜರಿ ಲಾರಿ ಹತ್ತುತ್ತಿವೆ.

ಕನ್ನಂಬಾಡಿ ಕಟ್ಟಿದವರ ಕಾರಿನ ಕನಸು

ಈ ಕಥೆ ಶುರುವಾಗುವುದು ನಮಗೆ ಚೆನ್ನಾಗಿ ಗೊತ್ತಿರುವ ಹೆಸರಿನಿಂದಲೇ. ಸರ್ ಎಂ. ವಿಶ್ವೇಶ್ವರಯ್ಯ. ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ನಾಲೆ ಬಂತು, ಗದ್ದೆ ಆಯಿತು, ಕಬ್ಬು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಇಷ್ಟು ನಮ್ಮ ಮಕ್ಕಳಿಗೂ ಗೊತ್ತು.

ಅವರೇ ಭಾರತದಲ್ಲಿ ಕಾರು ಕಾರ್ಖಾನೆ ಕಟ್ಟಬೇಕೆಂದು ಓಡಾಡಿದವರು ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯುರೋಪು ಮತ್ತು ಅಮೆರಿಕ ಸುತ್ತಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಬಂದವರೇ ಯೋಜನೆ ಬರೆದರು. ಉದ್ಯಮಿ ವಾಲಚಂದ್ ಹಿರಾಚಂದ್ ಕೈಜೋಡಿಸಿದರು. ಮೈಸೂರು ಸಂಸ್ಥಾನಕ್ಕೂ ಅದರಲ್ಲಿ ಆಸಕ್ತಿ ಇತ್ತು. ಆದರೆ ಮಹಾಯುದ್ಧದ ಕಾಲ. ಬ್ರಿಟಿಷರ ಕೈಲಿದ್ದ ಭಾರತ ಸರ್ಕಾರ ಸೊಪ್ಪು ಹಾಕಲಿಲ್ಲ. ಅದೇ ವಾಲಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದರು. ಇವತ್ತಿನ ಎಚ್‌ಎಎಲ್ ಅದೇ. ಯುದ್ಧಕ್ಕೆ ವಿಮಾನ ಬೇಕಿತ್ತು, ಅದು ಆಯಿತು. ಜನರ ಓಡಾಟದ ಕಾರು ನಿಂತುಹೋಯಿತು.

ವಾಲಚಂದ್ ಬಿಡಲಿಲ್ಲ. 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಕಟ್ಟಿದರು. ಮುಂದೆ ನಮ್ಮೂರ ರಸ್ತೆಗೆ ಬಂದ ಫಿಯೆಟ್, ಪದ್ಮಿನಿ ಎಲ್ಲ ಅಲ್ಲಿಯವೇ. ಅದಕ್ಕೂ ಎರಡು ವರ್ಷ ಮೊದಲು, 1942ರಲ್ಲಿ, ಬಿರ್ಲಾ ಮನೆತನ ಹಿಂದುಸ್ತಾನ್ ಮೋಟಾರ್ಸ್ ಶುರುಮಾಡಿತ್ತು. ಗುಜರಾತಿನ ಓಖಾ ಬಂದರಿನಲ್ಲಿ ಹುಟ್ಟಿದ ಆ ಕಂಪನಿ, ಸ್ವಾತಂತ್ರ್ಯ ಬಂದ ಮೇಲೆ ಪಶ್ಚಿಮ ಬಂಗಾಳದ ಉತ್ತರಪಾಡಾಕ್ಕೆ ಹೋಯಿತು. ಅಂಬಾಸಿಡರ್ ಹುಟ್ಟಿದ್ದು ಅಲ್ಲಿ.

ಒಂದೇ ಮುಖ, 57 ವರ್ಷ

ಅಂಬಾಸಿಡರ್‌ನ ಆಕಾರ ನಮ್ಮದಲ್ಲ, ಇಂಗ್ಲೆಂಡಿನದು. ಅಲ್ಲಿ 1956ರಲ್ಲಿ ಮಾರುಕಟ್ಟೆಗೆ ಬಂದ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು ಅದು. 1957ರಲ್ಲಿ ಹಿಂದುಸ್ತಾನ್ ಮೋಟಾರ್ಸ್ ಅದನ್ನೇ ಅಂಬಾಸಿಡರ್ ಎಂದು ಇಲ್ಲಿ ತಯಾರಿಸತೊಡಗಿತು. ಇಂಗ್ಲೆಂಡಿನವರು 1959ರ ಹೊತ್ತಿಗೆ ಆ ಮಾದರಿ ಕೈಬಿಟ್ಟರು. ನಾವು 2014ರವರೆಗೂ ಬಿಡಲಿಲ್ಲ.

ನಾವೇಕೆ ಬಿಡಲಿಲ್ಲ? ಚಂದ ಅಂತಲಾ? ಅಲ್ಲ. ಬೇರೆ ದಾರಿ ಇರಲಿಲ್ಲ. 1953ರಲ್ಲಿ ಸರ್ಕಾರ ಒಂದು ತೀರ್ಮಾನ ಮಾಡಿತು: ಹೊರದೇಶದಿಂದ ಬಿಡಿಭಾಗ ತಂದು ಇಲ್ಲಿ ಬರೀ ಜೋಡಿಸುವವರಿಗೆ ಜಾಗ ಇಲ್ಲ, ಇಲ್ಲೇ ತಯಾರಿಸುವವರು ಮಾತ್ರ ಇರಲಿ. ಫೋರ್ಡ್, ಜನರಲ್ ಮೋಟಾರ್ಸ್ ಗಂಟು ಕಟ್ಟಿಕೊಂಡು ಹೋದವು. ಕಾರು ಎಂದರೆ ಮೂರೇ ಹೆಸರು ಉಳಿದವು: ಉತ್ತರಪಾಡಾದ ಅಂಬಾಸಿಡರ್, ಮುಂಬೈಯ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಎಷ್ಟು ಕಾರು ಮಾಡಬೇಕು ಎನ್ನುವುದಕ್ಕೂ ಸರ್ಕಾರದ ಲೈಸೆನ್ಸ್ ಬೇಕು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಕೊಳ್ಳುವವರು ಸಾಲು ನಿಂತಿರುವಾಗ ಮಾರುವವನು ಯಾಕೆ ಹೊಸ ಮಾದರಿ ಮಾಡುತ್ತಾನೆ? ಮಾರ್ಕ್ 2 ಬಂತು, 1975ರಲ್ಲಿ ಮಾರ್ಕ್ 3 ಬಂತು, 1979ರಲ್ಲಿ ಮಾರ್ಕ್ 4 ಬಂತು. ಮುಂದಿನ ಜಾಲರಿ ಬದಲಾಯಿತು, ಡ್ಯಾಶ್‌ಬೋರ್ಡ್ ಬದಲಾಯಿತು. ಮೈಕಟ್ಟು ಅದೇ.

ಫಿಯೆಟ್ ಕಥೆಯೂ ಹೆಚ್ಚುಕಡಿಮೆ ಇದೇ. 1964ರಲ್ಲಿ ಬಂದ ಫಿಯೆಟ್ 1100 ಡಿಲೈಟ್ ಹಿಂಭಾಗದಲ್ಲಿ ಮೀನಿನ ರೆಕ್ಕೆ ಹಾಗೆ ಸಣ್ಣ ಏರು ಇತ್ತು. ಅದೇ ಕಾರು 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡು, 2000ದ ಆಸುಪಾಸಿನವರೆಗೂ ತಯಾರಾಯಿತು. ಹೆರಾಲ್ಡ್ ಇನ್ನೊಂದು ಬಗೆ. ಅದರ ಮುಂಭಾಗ ಮಡ್‌ಗಾರ್ಡ್ ಸಮೇತ ಇಡೀ ಮುಂದಕ್ಕೆ ವಾಲಿ ತೆರೆದುಕೊಳ್ಳುತ್ತಿತ್ತು. ಮೆಕ್ಯಾನಿಕ್ ಚಕ್ರದ ಮೇಲೆ ಕೂತೇ ಎಂಜಿನ್ ಬಿಚ್ಚಬಹುದಿತ್ತು.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿ ಕೊಟ್ಟಾಗ ಈ ಲೋಕ ಅಲ್ಲಾಡಿತು. 1991ರ ಉದಾರೀಕರಣದ ಮೇಲೆ ಪೂರ್ತಿ ಮಗುಚಿತು. ಅಂಬಾಸಿಡರ್ ಮಾತ್ರ ಸರ್ಕಾರಿ ಕಚೇರಿ, ಟ್ಯಾಕ್ಸಿ ಸ್ಟ್ಯಾಂಡ್ ಹಿಡಿದುಕೊಂಡು ಇನ್ನೂ ಎರಡು ದಶಕ ಬದುಕಿತು. ಕೊನೆಗೆ 2014ರ ಮೇ ತಿಂಗಳಲ್ಲಿ ಉತ್ತರಪಾಡಾದಲ್ಲಿ ಕೆಲಸ ನಿಂತಿತು. 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪೂಜೋ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಹೆಸರಿಗೇ 80 ಕೋಟಿ!

ಆ ‘ಸ್ಟೈಲ್’ ಸುಮ್ಮನೆ ಬಂದಿದ್ದಲ್ಲ

ಹಳೇ ಕಾರಿನ ಅಭಿಮಾನಿಗಳು ನೆನೆಯುವ ಒಂದೊಂದು ವಸ್ತುವನ್ನೂ ಹಳ್ಳಿಯ ಕಣ್ಣಿಂದ ನೋಡಿ. ಅಲಂಕಾರ ಅನ್ನಿಸುವುದೆಲ್ಲ ಅಸಲಿಗೆ ಉಪಯೋಗಕ್ಕೆ ಇದ್ದಿದ್ದು.

ಮುಂದಿನ ಸೀಟು ಇಬ್ಬರಿಗೆ ಎರಡಲ್ಲ, ಅಡ್ಡಡ್ಡ ಒಂದೇ ಉದ್ದದ ಸೀಟು. ಗೇರ್ ಕಡ್ಡಿ ನೆಲದಲ್ಲಿರದೆ ಸ್ಟಿಯರಿಂಗ್ ಪಕ್ಕದಲ್ಲಿ ಇದ್ದಿದ್ದರಿಂದ ಮಧ್ಯೆ ಇನ್ನೊಬ್ಬರು ಕೂರಬಹುದಿತ್ತು. ಐದು ಜನರ ಕಾರಿನಲ್ಲಿ ಹತ್ತು ಜನ ಬೀಗರೂಟಕ್ಕೆ ಹೋಗಿಬಂದದ್ದು ಹಾಗೆ.

ಮುಂದಿನ ಕಿಟಕಿಯ ಮೂಲೆಯಲ್ಲಿ ತ್ರಿಕೋನದ ಸಣ್ಣ ಗಾಜು ಇತ್ತು. ಅದನ್ನು ತಿರುಗಿಸಿದರೆ ಗಾಳಿ ನೇರ ಮುಖಕ್ಕೆ. ಎಸಿ ಇಲ್ಲದ ಕಾಲಕ್ಕೆ ಅದೇ ಎಸಿ.

ಬ್ಯಾಟರಿ ಸತ್ತರೆ ಮುಂದಿನ ಬಂಪರ್ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ಕೈಯಲ್ಲೇ ತಿರುಗಿಸಿ ಸ್ಟಾರ್ಟ್ ಮಾಡಬಹುದಿತ್ತು. ಹ್ಯಾಂಡಲ್ ಉಲ್ಟಾ ಹೊಡೆದರೆ ಕೈ ಮುರಿಯುತ್ತಿತ್ತು, ಅದೂ ನಿಜ. ಹೆಡ್‌ಲೈಟ್ ಡಿಮ್ ಮಾಡುವ ಸ್ವಿಚ್ಚು ಕಾಲಬಳಿ ನೆಲದಲ್ಲಿ. ಚಳಿಗಾಲದ ಬೆಳಿಗ್ಗೆ ಎಂಜಿನ್ ಎಬ್ಬಿಸಲು ಚೋಕ್ ಎಳೆಯುವ ಗುಂಡಿ. ಹಿಂದಿನ ಚಕ್ರಕ್ಕೆ ಎತ್ತಿನಗಾಡಿಯವರೂ ಲಾರಿಯವರೂ ಒಪ್ಪುವ ಪಟ್ಟಿ ಸ್ಪ್ರಿಂಗು. ಗಾಡಿ ಜಾಡಿನ ಮಣ್ಣುರಸ್ತೆಯಲ್ಲಿ, ನಾಲೆ ಏರಿಯ ಮೇಲೆ, ತಳ ತಾಗದೆ ಹೋಗುವ ಎತ್ತರ.

ಇವೆಲ್ಲಕ್ಕಿಂತ ದೊಡ್ಡ ಗುಣ ಬಾನೆಟ್ ಎತ್ತಿದಾಗ ಕಾಣುತ್ತಿತ್ತು. 1489 ಸಿಸಿಯ ಎಂಜಿನ್ ಸುತ್ತ ಕೈ ಆಡುವಷ್ಟು ಜಾಗ. ಕಾರ್ಬುರೇಟರ್ ಇಲ್ಲಿ, ಡಿಸ್ಟ್ರಿಬ್ಯೂಟರ್ ಅಲ್ಲಿ, ಪ್ಲಗ್ಗು ನಾಲ್ಕು. ಎಲ್ಲ ಕಣ್ಣಿಗೆ ಕಾಣುವಂತೆ.

ಕಬ್ಬಿನ ಬಿಲ್ಲು, ಊರಿಗೊಂದು ಕಾರು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಾರು ಬಂದದ್ದು ನಾಲೆ ನೀರಿನ ಹಿಂದೆಯೇ. ರಾಗಿ ಬೆಳೆದವನ ಕೈಗೆ ದುಡ್ಡು ಚೂರುಚೂರಾಗಿ ಬರುತ್ತದೆ. ಕಬ್ಬು ಕಡಿದವನಿಗೆ ಬಿಲ್ಲು ಒಟ್ಟಿಗೆ ಬರುತ್ತದೆ. ಆ ಒಟ್ಟು ದುಡ್ಡಿನಲ್ಲಿ ಮದುವೆ ಆಯಿತು, ತಾರಸಿ ಮನೆ ಆಯಿತು, ಟ್ರ್ಯಾಕ್ಟರ್ ಆಯಿತು. ಎಲ್ಲ ಆದ ಮೇಲೆ, ಕೆಲವರಿಗೆ, ಬೆಂಗಳೂರಿನಿಂದ ಕೈಬದಲಾಗಿ ಬಂದ ಒಂದು ಅಂಬಾಸಿಡರ್ ಆಯಿತು. 1980ರಲ್ಲಿ ಡೀಸೆಲ್ ಅಂಬಾಸಿಡರ್ ಬಂದ ಮೇಲೆ ಟ್ರ್ಯಾಕ್ಟರ್‌ಗೆ ತಂದ ಎಣ್ಣೆಯಲ್ಲೇ ಕಾರೂ ಓಡುವಂತಾಯಿತು.

ಊರಿಗೆ ಒಂದೇ ಕಾರು ಇದ್ದ ಕಾಲದಲ್ಲಿ ಅದು ಒಂದು ಮನೆಯದಾಗಿ ಉಳಿಯುತ್ತಿರಲಿಲ್ಲ. ಮದುವೆ ಗಂಡು ಅದರಲ್ಲಿ. ರಾತ್ರಿ ನೋವು ಕಾಣಿಸಿಕೊಂಡ ಬಸುರಿ ಅದರಲ್ಲಿ. ಹಾವು ಕಡಿದವನು ಅದರಲ್ಲಿ. ಕೆಲವು ಸಲ ಆಸ್ಪತ್ರೆಯಿಂದ ಹೆಣವೂ ಅದರಲ್ಲೇ ವಾಪಸು. ಚುನಾವಣೆ ಬಂದರೆ ಮೈಕು ಕಟ್ಟಿಕೊಂಡು ಊರೂರು ಸುತ್ತುವುದೂ ಅದೇ.

ಆದರೆ ಈ ನೆನಪು ಎಲ್ಲರಿಗೂ ಒಂದೇ ರುಚಿ ಅಲ್ಲ ಎನ್ನುವುದನ್ನೂ ಹೇಳಬೇಕು. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿದವರು ಆ ಕಾರನ್ನು ಒರೆಸಿದ್ದು, ತಳ್ಳಿದ್ದು ಹೆಚ್ಚು, ಕೂತದ್ದು ಕಡಿಮೆ. ಅರ್ಧ ರಾತ್ರಿಯಲ್ಲಿ ಕಾರು ಕೇಳಲು ಆ ಮನೆಯ ಜಗಲಿ ಹತ್ತುವ ಮೊದಲು ಹತ್ತು ಸಲ ಯೋಚಿಸಬೇಕಾಗಿದ್ದ ಕೇರಿಗಳಿದ್ದವು. ಕೆಂಪು ದೀಪದ ಬಿಳಿ ಅಂಬಾಸಿಡರ್ ಬಂತೆಂದರೆ ಎದ್ದು ನಿಲ್ಲಬೇಕಿತ್ತು. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾದ ಮೇಲೆ ಯಾರ ಜಗಲಿಯನ್ನೂ ಹತ್ತದೆ ಫೋನ್ ಮಾಡುವಂತಾಯಿತು. 2017ರ ಮೇ 1ರಿಂದ ಕೆಂಪು ದೀಪವೂ ಹೋಯಿತು. ಇವೆರಡೂ ಒಳ್ಳೆಯದೇ ಆಯಿತು. ಕಾರನ್ನು ನೆನೆಯೋಣ, ಆ ಎದ್ದು ನಿಲ್ಲುವುದನ್ನು ನೆನೆಯುವುದು ಬೇಡ.

ಗ್ಯಾರೇಜು ಎಂಬ ಕಾಲೇಜು

ಅಂಬಾಸಿಡರ್ ಕಾಲದ ನಿಜವಾದ ಆಸ್ತಿ ಕಾರಲ್ಲ, ಅದನ್ನು ರಿಪೇರಿ ಮಾಡುತ್ತಿದ್ದ ಕೈಗಳು. ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಹಿಂದೆ, ಹೆದ್ದಾರಿ ಪಕ್ಕದ ತಗಡಿನ ಶೆಡ್ಡುಗಳಲ್ಲಿ, ಏಳನೇ ಕ್ಲಾಸು ಬಿಟ್ಟ ಹುಡುಗರು ಸ್ಪ್ಯಾನರ್ ಎತ್ತಿಕೊಡುತ್ತಾ ಕೆಲಸ ಕಲಿತರು. ಪುಸ್ತಕ ಇರಲಿಲ್ಲ. ಎಂಜಿನ್ ಸದ್ದು ಕೇಳಿ ಟ್ಯಾಪೆಟ್ ಸಡಿಲವೋ ಬೇರಿಂಗ್ ಹೋಗಿದೆಯೋ ಹೇಳುವುದು, ಹೊಗೆಯ ಬಣ್ಣ ನೋಡಿ ರಿಂಗು ಸವೆದಿದೆ ಎನ್ನುವುದು, ಪಾಯಿಂಟ್ ಮಧ್ಯದ ಸಂದನ್ನು ಬ್ಲೇಡಿನಿಂದ ಅಳೆಯುವುದು. ಇದೇ ಸಿಲೆಬಸ್ಸು.

ಬಿಡಿಭಾಗ ಬೇಕೆಂದರೆ ಬೆಳಗಿನ ರೈಲಿಗೆ ಬೆಂಗಳೂರು. ಹೊಸದಾದರೆ ಜೆ.ಸಿ. ರಸ್ತೆ, ಹಳೆಯದಾದರೆ ಶಿವಾಜಿನಗರದ ಗುಜರಿ. ಅಲ್ಲೂ ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಕಡೆಸುವುದು. ಬೋರು ಸವೆದರೆ ಮತ್ತೆ ಬೋರ್ ಮಾಡಿಸಿ ದಪ್ಪ ಪಿಸ್ಟನ್ ಹಾಕುವುದು. ತಗಡು ತುಕ್ಕು ಹಿಡಿದರೆ ಕತ್ತರಿಸಿ ಬೇರೆ ತಗಡು ಬೆಸೆಯುವುದು. ಪೆಟ್ರೋಲ್ ರೇಟು ಏರಿದಾಗ ಪೆಟ್ರೋಲ್ ಎಂಜಿನ್ನನ್ನೇ ಇಳಿಸಿ, ಮಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದ ಅಂಬಾಸಿಡರ್‌ಗಳೂ ಓಡಾಡಿದವು.

ಹೀಗೆ ನಲವತ್ತು ವರ್ಷ ಓಡಿದ ಕಾರಿನಲ್ಲಿ ಉತ್ತರಪಾಡಾದಿಂದ ಬಂದದ್ದು ಎಷ್ಟು, ನಮ್ಮೂರಲ್ಲಿ ಸೇರಿದ್ದು ಎಷ್ಟು ಎಂದು ಬೇರೆ ಮಾಡುವುದು ಕಷ್ಟ. ಕೊಡಲಿಯ ಕಾವು ಬದಲಾಯಿಸಿ, ಆಮೇಲೆ ಕೊಡಲಿಯನ್ನೂ ಬದಲಾಯಿಸಿ, ಇದು ನಮ್ಮ ತಾತನ ಕೊಡಲಿ ಅನ್ನುವ ಹಾಗೆ.

ನಾವು ಕಳೆದುಕೊಂಡಿದ್ದು ಇದನ್ನು. ಈಗಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ದೋಷ ಏನೆಂದು ಸ್ಕ್ಯಾನರ್ ಹೇಳಬೇಕು. ಭಾಗ ಹೋದರೆ ರಿಪೇರಿ ಇಲ್ಲ, ಬದಲಿ ಮಾತ್ರ. ವಾರಂಟಿ ಬೇಕಾದರೆ ಕಂಪನಿ ಷೋರೂಮಿಗೇ ಹೋಗಬೇಕು, ಅದು ಜಿಲ್ಲಾ ಕೇಂದ್ರದಲ್ಲಿ ಅಥವಾ ಮೈಸೂರಿನಲ್ಲಿ. ಕಾರು ನಮ್ಮದೇ, ಆದರೆ ಅದರ ಒಳಗು ನಮ್ಮದಲ್ಲ. ಹಳೇ ಕಾರಿನ ಚಂದ ಎಂದು ನಾವು ಹೊಗಳುವಾಗ, ನಮ್ಮ ಕೈಗೆ ಸಿಗುತ್ತಿದ್ದ ಆ ಯಂತ್ರವನ್ನೇ ನೆನೆಯುತ್ತಿರುತ್ತೇವೆ.

ಹಳೆಯದೆಲ್ಲ ಚಿನ್ನವಲ್ಲ

ಹಳೇ ಕಾರಿನದು ಗಟ್ಟಿ ತಗಡು, ಈಗಿನವು ಪೇಪರ್ ಎಂಬ ಮಾತು ಎಲ್ಲ ಕಡೆ ಕೇಳುತ್ತೇವೆ. ಅರ್ಧ ನಿಜ. ಗುದ್ದಿದರೆ ಹಳೇ ಕಾರಿಗೆ ಕಡಿಮೆ ಏಟು ಬೀಳುತ್ತಿತ್ತು, ಆದರೆ ಆ ಏಟು ಒಳಗಿದ್ದವರ ಮೈಗೆ ಹೋಗುತ್ತಿತ್ತು. ಈಗಿನ ಕಾರಿನ ಮುಂಭಾಗವನ್ನು ಬೇಕೆಂದೇ ಮುದುಡುವಂತೆ ಮಾಡಿರುತ್ತಾರೆ. ಗುದ್ದಿನ ಬಲವನ್ನು ತಗಡು ನುಂಗಿ, ಎದೆ ಉಳಿಯಲಿ ಅಂತ.

ಅಂಬಾಸಿಡರ್‌ನ ಉದ್ದ ಸೀಟಿನಲ್ಲಿ ಹತ್ತು ಜನ ಹೋದದ್ದು ಕೇಳಲು ಚಂದ. ಆದರೆ ಆ ಹತ್ತು ಜನಕ್ಕೆ ಬೆಲ್ಟ್ ಇರಲಿಲ್ಲ. ಮುಂದಿನ ಸೀಟಿಗೆ ಬೆಲ್ಟ್ ಇರಲೇಬೇಕೆಂಬ ನಿಯಮ ಬಂದದ್ದೇ 1994ರಲ್ಲಿ. ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯ ಆದದ್ದು 2019ರ ಜುಲೈಯಲ್ಲಿ. ಹೊಗೆಯ ವಿಷಯಕ್ಕೂ ಹೀಗೆಯೇ. 2000ದ ಫೆಬ್ರವರಿವರೆಗೂ ದೇಶದ ಪೆಟ್ರೋಲಿನಲ್ಲಿ ಸೀಸ ಬೆರೆಯುತ್ತಿತ್ತು, ಅದನ್ನು ನಮ್ಮ ಮಕ್ಕಳು ಉಸಿರಾಡುತ್ತಿದ್ದರು.

ಆದ್ದರಿಂದ ಎಲ್ಲರೂ ಹಳೇ ಕಾರಿಗೆ ವಾಪಸು ಹೋಗೋಣ ಎಂದು ಯಾರೂ ಹೇಳುತ್ತಿಲ್ಲ. ಹೋಗಲೂಬಾರದು. ಮಾತಿರುವುದು ಉಳಿದಿರುವ ಕೆಲವನ್ನು ಏನು ಮಾಡುವುದು ಎಂಬುದರ ಬಗ್ಗೆ.

ನೆನಪನ್ನೇ ಮಾರುವ ಕಾಲ

ನಮ್ಮ ಈ ಹಂಬಲ ಕಂಪನಿಗಳಿಗೆ ಚೆನ್ನಾಗಿ ಅರ್ಥವಾಗಿದೆ. ಪಕ್ಕದ ಮೈಸೂರಿನ ಉದಾಹರಣೆ ನೋಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ ಜಾವಾ, ಯೆಜ್ಡಿ ಬೈಕು ಮಾಡಿತು. 1996ರಲ್ಲಿ ಮುಚ್ಚಿತು. 2018ರಲ್ಲಿ ಬೇರೆಯವರು ಅದೇ ಜಾವಾ ಹೆಸರಿನಲ್ಲಿ, ಅದೇ ಹಳೇ ಟ್ಯಾಂಕಿನ ಆಕಾರದಲ್ಲಿ ಹೊಸ ಬೈಕು ಬಿಟ್ಟರು. ಕಾರ್ಖಾನೆ ಮಾತ್ರ ಮೈಸೂರಿಗೆ ವಾಪಸು ಬರಲಿಲ್ಲ.

ಕಾರಿನಲ್ಲೂ ಅಷ್ಟೇ. ಮಹೀಂದ್ರಾದವರು ಸ್ವಾತಂತ್ರ್ಯದ ಹೊತ್ತಿಗೇ ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದವರು. ನಮ್ಮ ಹಿರಿಯರು ಚುನಾವಣೆಯಲ್ಲಿ, ಕಬ್ಬಿನ ಗದ್ದೆ ಏರಿ ಮೇಲೆ ನೋಡಿದ ಜೀಪು ಅದೇ ವಂಶದ್ದು. 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್‌ನ ಗುಂಡು ದೀಪ, ಚೌಕ ಮೈಕಟ್ಟು ಆ ಜೀಪನ್ನೇ ನೆನಪಿಸುತ್ತದೆ. ಇವತ್ತು ನಮ್ಮ ಹುಡುಗರ ಕನಸಿನ ಗಾಡಿ ಅದು. 1991ರ ಟಾಟಾ ಸಿಯೆರಾ ಕೂಡ 2025ರ ನವೆಂಬರ್‌ನಲ್ಲಿ ಹೊಸ ಅವತಾರದಲ್ಲಿ ವಾಪಸು ಬಂತು.

ಇದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ವಾಪಸು ಬಂದಿರುವುದು ಹಳೇ ಮುಖ ಮಾತ್ರ. ಬಾನೆಟ್ ಎತ್ತಿದರೆ ಅದೇ ಪ್ಲಾಸ್ಟಿಕ್ ಮುಚ್ಚಳ.

50 ವರ್ಷದ ಗೆರೆ

ಈಗ ಕೊಟ್ಟಿಗೆಯಲ್ಲಿ ನಿಂತಿರುವ ಕಾರಿಗೆ ಬರೋಣ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಆರ್‌ಟಿಒ ಕಚೇರಿಯಲ್ಲಿ ತೋರಿಸಿ ಆರ್‌ಸಿ ನವೀಕರಿಸಬೇಕು. ನಮ್ಮ ಕಡೆ ಇದನ್ನೇ ಎಫ್‌ಸಿ ಮಾಡಿಸುವುದು ಅನ್ನುತ್ತೇವೆ. ಮೊದಲು 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಜಿಎಸ್‌ಟಿ ಬೇರೆ. ಗುಜರಿಯವನು ಕೊಡುವ ಬೆಲೆ ಮತ್ತು ಈ ಖರ್ಚು ಎರಡನ್ನೂ ತೂಗಿ ನೋಡಿದ ರೈತ ಏನು ಮಾಡುತ್ತಾನೆ, ನೀವೇ ಹೇಳಿ.

ಹಾಗಂತ ಕಾನೂನಿಗೆ ಹಳೇ ಕಾರಿನ ಮೇಲೆ ಪ್ರೀತಿಯೇ ಇಲ್ಲ ಎಂದಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗುರುತು, ಹತ್ತು ವರ್ಷದ ನೋಂದಣಿ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ರಸ್ತೆಗೆ ತರಬಹುದು. ದಿನದ ಓಡಾಟಕ್ಕೆ ಬಳಸುವಂತಿಲ್ಲ.

ಆದರೆ ಅದಕ್ಕೆ ಎರಡು ಷರತ್ತು. ಒಂದು, ಮೊದಲ ನೋಂದಣಿಯಾಗಿ 50 ವರ್ಷ ಆಗಿರಬೇಕು. ಎರಡು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು, ಮೂಲ ರೂಪದಲ್ಲೇ ಇರಬೇಕು.

ಈ ಎರಡು ಷರತ್ತಿನ ನಡುವೆ ನಮ್ಮ ಹಳ್ಳಿ ಅಂಬಾಸಿಡರ್ ಸಿಕ್ಕಿಹಾಕಿಕೊಂಡಿದೆ. 1984ರಲ್ಲಿ ನೋಂದಣಿಯಾದ ಕಾರಿಗೆ 50 ತುಂಬುವುದು 2034ಕ್ಕೆ. ಅಲ್ಲಿವರೆಗೆ ದುಬಾರಿ ಎಫ್‌ಸಿ ಕಟ್ಟುತ್ತಾ ಉಳಿಸಿಕೊಂಡರೂ, ಎಂಜಿನ್ ಬದಲಾಗಿದ್ದರೆ ವಿಂಟೇಜ್ ಪಟ್ಟ ಸಿಗುವುದು ಕಷ್ಟ. ಅರಮನೆಯ ಷೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ್ದ ಕಾರು ಪರಂಪರೆ ಆಗುತ್ತದೆ. ಜನರನ್ನು ಹೊತ್ತು, ಕೆಟ್ಟು, ಬೆಸೆದುಕೊಂಡು, ಎಂಜಿನ್ ಬದಲಿಸಿಕೊಂಡು ದುಡಿದ ಕಾರು ಗುಜರಿ ಆಗುತ್ತದೆ. ರಿಪೇರಿ ಮಾಡಿ ಉಳಿಸಿಕೊಂಡದ್ದೇ ಅದರ ಇತಿಹಾಸ. ಈಗ ಆ ರಿಪೇರಿಯೇ ಅದಕ್ಕೆ ಅಡ್ಡಿ.

ಇದರ ಜೊತೆಗೆ ಎಣ್ಣೆಯ ಸಮಸ್ಯೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಇ-20 ಪೆಟ್ರೋಲ್. ಎಥೆನಾಲ್ ಬರುವ ಮುಖ್ಯ ದಾರಿಗಳಲ್ಲಿ ಕಬ್ಬೂ ಒಂದು. ಕಬ್ಬು ಬೆಳೆಗಾರನಿಗೆ ಇದರಿಂದ ಅನುಕೂಲ ಇದೆ. ಆದರೆ ಹಳೇ ಕಾರ್ಬುರೇಟರ್ ಕಾರಿನ ರಬ್ಬರ್ ಪೈಪು, ವಾಷರ್, ಗ್ಯಾಸ್ಕೆಟ್ ಎಥೆನಾಲ್‌ಗೆ ಮಾಡಿದ್ದಲ್ಲ. ಅವು ಬೇಗ ಹಾಳಾಗಬಹುದು, ಬದಲಾಯಿಸಬೇಕಾಗುತ್ತದೆ. ಒಂದು ಕಾಲಕ್ಕೆ ಕಬ್ಬಿನ ದುಡ್ಡು ಕಾರು ತಂದಿತು. ಈಗ ಕಬ್ಬಿನ ರಸವೇ ಅದರ ಪೈಪು ತಿನ್ನುತ್ತಿದೆ.

ರಸ್ತೆಯೂ ಬದಲಾಗಿದೆ. 2023ರ ಮಾರ್ಚ್ 12ರಂದು ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಆ ರಸ್ತೆಗೆ ಹಳೇ ಕಾರು ಬರಬಾರದು ಎಂದೇನೂ ಇಲ್ಲ. ಆದರೆ 100ರ ವೇಗದಲ್ಲಿ ಹೋಗುವವರ ನಡುವೆ 50ರಲ್ಲಿ ಹೋಗುವ ಪದ್ಮಿನಿಗೆ ಸರ್ವಿಸ್ ರಸ್ತೆಯೇ ಗತಿ. ಮದ್ದೂರಿನಲ್ಲಿ ನಿಲ್ಲಿಸಿ ವಡೆ ತಿಂದು, ಬಾನೆಟ್ ಎತ್ತಿ ರೇಡಿಯೇಟರ್‌ಗೆ ನೀರು ಸುರಿದು ಹೊರಡುತ್ತಿದ್ದ ಪ್ರಯಾಣ ಈಗ ಬೈಪಾಸ್ ಆಗಿದೆ.

ಉಳಿಸುವುದು ಏನನ್ನು?

ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ, ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಹಳೇ ಕಾರುಗಳ ಮ್ಯೂಸಿಯಂ ಇದೆ. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಕಾರುಗಳು ಅಲ್ಲಿವೆ. ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಜಾಗ. ಆದರೆ ಊರಿನ ಕಾರಿನ ಕಥೆಯನ್ನು ಯಾವ ಮ್ಯೂಸಿಯಮ್ಮೂ ತಾನಾಗಿ ಬಂದು ಬರೆದುಕೊಳ್ಳುವುದಿಲ್ಲ. ಅದು ನಮ್ಮ ಕೆಲಸ.

ಮುಂಬೈಯಲ್ಲಿ 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳು ಪೂರ್ತಿ ನಿಂತವು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ, ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರಲ್ಲಿ. ಒಂದನ್ನಾದರೂ ಉಳಿಸಿಕೊಡಿ ಎಂದು ಟ್ಯಾಕ್ಸಿಯವರ ಸಂಘ ಮೊದಲೇ ಕೇಳಿತ್ತು. ದುಡಿದವರೇ ಮುಂದೆ ಬಂದು ಕೇಳಿದ್ದು ದೊಡ್ಡ ಮಾತು. ನಮ್ಮ ಜಿಲ್ಲೆಯಲ್ಲಿ ಹಾಗೆ ಕೇಳುವವರು ಯಾರು?

ಎಲ್ಲ ಕಾರನ್ನೂ ಉಳಿಸಲಾಗದು. ಹಾಗಾಗಿ ಕೆಲವು ಸಣ್ಣ ಕೆಲಸಗಳನ್ನು ಮಾಡೋಣ.

ಕಾರು ಕೊಡುವ ಮೊದಲು ಆರ್‌ಸಿ ಪುಸ್ತಕ ತೆಗೆದು ನೋಡಿ. ಕೆಎ-11 ಬರುವ ಮೊದಲಿನ, ಮೂರು ಅಕ್ಷರದ ಹಳೇ ನಂಬರ್ ಇದ್ದರೆ ಅದು 1989ಕ್ಕಿಂತ ಹಿಂದಿನದು. 1976ಕ್ಕೆ ಮೊದಲು ನೋಂದಣಿಯಾಗಿದ್ದು, ಎಂಜಿನ್ ನಂಬರ್ ಪುಸ್ತಕದಲ್ಲಿರುವುದೇ ಆಗಿದ್ದರೆ, ತೂಕದ ಲೆಕ್ಕಕ್ಕೆ ಗುಜರಿಗೆ ಕೊಡಬೇಡಿ. ಅದಕ್ಕೆ ವಿಂಟೇಜ್ ದಾರಿ ತೆರೆದಿದೆ, ಕೊಳ್ಳುವವರೂ ಸಿಗುತ್ತಾರೆ.

ಕೊಡಲೇಬೇಕಾದರೆ ಆರ್‌ಟಿಒ ಕಚೇರಿಯಲ್ಲಿ ನೋಂದಣಿ ರದ್ದು ಮಾಡಿಸಿ ಕೊಡಿ. ಇಲ್ಲವಾದರೆ ಕಾರು ಹೋದರೂ ಅದರ ಕಾಗದ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ನಾಳೆ ಆ ನಂಬರಿನಲ್ಲಿ ಏನಾದರೂ ನಡೆದರೆ ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ.

ಕಾರಿನ ಮುಂದೆ ನಿಂತು ತೆಗೆಸಿಕೊಂಡ ಹಳೇ ಮದುವೆ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಹಿಂದೆ ಯಾರು, ಯಾವ ವರ್ಷ, ಕಾರು ಯಾರದು ಎಂದು ಬರೆದಿಡಿ.

ಇನ್ನು ಕೊನೆಯದು, ಎಲ್ಲಕ್ಕಿಂತ ತುರ್ತಿನದು. ನಿಮ್ಮೂರ ಹಳೇ ಮೆಕ್ಯಾನಿಕ್ ಇನ್ನೂ ಇದ್ದರೆ, ಒಂದು ಸಂಜೆ ಹೋಗಿ ಕೂತು ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಸದ್ದು ಕೇಳಿ ಕಾಯಿಲೆ ಹೇಳುವ ಆ ವಿದ್ಯೆಯನ್ನು ಯಾವ ಐಟಿಐ ಪುಸ್ತಕವೂ ಬರೆದಿಟ್ಟಿಲ್ಲ. ತಗಡು ತುಕ್ಕು ಹಿಡಿದರೆ ಮತ್ತೆ ಬೆಸೆಯಬಹುದು. ಆ ಕೈ ಸುಮ್ಮನಾದರೆ ಬೆಸೆಯುವವರು ಇರುವುದಿಲ್ಲ.